ಎರಡನೇ ಹಾಳೆಯ ಹೆಸರು

ಮೊದಲನೇ ಹಾಳೆ ಸಲೀಸಾಗಿ ಹೊರಬಂತು. ಡಾಕ್ಟರ ಹೆಸರು, ಕೆಳಗೆ ದಪ್ಪ ತೆಳು ಗೆರೆಗಳ ಪಟ್ಟಿ, ಹೋಗುವ ಊರಿನ ಗುರುತಿನ ಅಕ್ಷರಗಳು, ಎಲ್ಲಿ ಮಡಚಬೇಕು ಅಂತ ತೋರಿಸುವ ಚುಕ್ಕಿಗೆರೆ. ನಾಳೆ ಬೆಳಿಗ್ಗೆ ವಿಮಾನ. ಪೆಟ್ಟಿಗೆಗೆ ಕಟ್ಟುವ ಚೀಟಿಯನ್ನು ಈಗ ಮನೆಯಲ್ಲೇ ಮುದ್ರಿಸಿಕೊಂಡು ಹೋಗಬಹುದಂತೆ, ಹಾಗೆ ತಂದವರು ಉದ್ದದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲವಂತೆ. "ನಿಮಗೆ ಇದೆಲ್ಲ ಬರುತ್ತಲ್ಲ, ನೀವೇ ಮಾಡಿಡಿ," ಅಂತ ಹೇಳಿ ಡಾಕ್ಟರು ತಮ್ಮ ಹಲ್ಲಿನ ಕ್ಲಿನಿಕ್ಕಿಗೆ ಹೋಗಿದ್ದರು. ಮದುವೆಯಾಗಿ ಒಂದು ಬೇಸಿಗೆ ಕಳೆದಿದ್ದರೂ ಅವಳಿಗೆ ಗಂಡನನ್ನು ಡಾಕ್ಟರೇ ಅನ್ನುವ ಚಾಳಿ ಹೋಗಿರಲಿಲ್ಲ, ಅವರಿಗೆ ಅವಳನ್ನು ನೀವು ಅನ್ನುವ ಚಾಳಿ ಹೋಗಿರಲಿಲ್ಲ. ಇಬ್ಬರೂ ಐವತ್ತು ದಾಟಿದವರು, ಆ ವಯಸ್ಸಿನಲ್ಲಿ ಮರ್ಯಾದೆ ಕಡಿಮೆ ಮಾಡಿಕೊಳ್ಳುವುದಕ್ಕೂ ಒಂದು ಮುಹೂರ್ತ ಬೇಕಾಗುತ್ತದೆ. ಎರಡನೇ ಹಾಳೆ ಅರ್ಧಕ್ಕೆ ನಿಂತು, ಯಂತ್ರದ ಹೊಟ್ಟೆಯೊಳಗೆ ಏನೋ ಗೊಣಗಿ, ಕೊನೆಗೆ ಹೊರಬಿದ್ದಾಗ ಹೆಸರಿನ ಸಾಲು ಮಾಸಿಹೋಗಿತ್ತು. ನನ್ನ ಸರದಿ ಬಂದಾಗಲೇ ಶಾಯಿ ಮುಗಿಯಬೇಕೆ ಅಂದುಕೊಳ್ಳುತ್ತ ಅವಳು ಶಾಯಿಡಬ್ಬಿಯನ್ನು ತೆಗೆದು ಅಲ್ಲಾಡಿಸಿ, ಮತ್ತೆ ಕೂರಿಸಿ, ಮತ್ತೆ ಒತ್ತಿದಳು. ಈ ಸಲ ಒಂದೊಂದು ಅಕ್ಷರವೂ ಕಣ್ಣಿಗೆ ಹೊಡೆಯುವ ಹಾಗೆ ಬಂತು. ಅದು ಅವಳ ಹೆಸರಾಗಿರಲಿಲ್ಲ. ಡಾಕ್ಟರ ಮೊದಲ ಹೆಂಡತಿಯದು. ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಎದೆ ಧಸಕ್ಕೆನ್ನಬೇಕಾಗಿತ್ತು, ಅನ್ನಲಿಲ್ಲ. ಎರಡೂ ಕಿವಿ ಬಿಸಿಯಾದವು, ಅಷ್ಟೇ. ಅವಮಾನವಾದರೆ ಅವಳಿಗೆ ಮೊದಲು ತಿಳಿಯುವುದು ಕಿವಿಯಲ್ಲಿ, ಅವಳ ಹೊಟ್ಟೆಗೆ ಅನ್ನ ಹಾಕಿದ್ದೂ ಕಿವಿಯೇ. ಕೇಳಿಸದವರ ಕಿವಿಯೊಳಗೆ ಮೆತ್ತನೆಯ ಗುಲಾಬಿ ಹಿಟ್ಟು ತುಂಬಿ, ಅದು ಗಟ್ಟಿಯಾಗುವ ತನಕ ಪಕ್ಕದಲ್ಲಿ ಕಾದು ಕೂತು, ಮೆಲ್ಲಗೆ ತಿರುಗಿಸಿ ಎಳೆದು, ಆ ಅಚ್ಚಿನ ಪ್ರಕಾರ ಶ್ರವಣಯಂತ್ರಕ್ಕೆ ಕವಚ ಮಾಡಿಕೊಡುವುದು ಅವಳ ಕೆಲಸ. ಒಬ್ಬರ ಕಿವಿಯ ಹಾಗೆ ಇನ್ನೊಬ್ಬರದಿರುವುದಿಲ್ಲ. ಒಬ್ಬರಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ತುರುಕಿದರೆ ಯಂತ್ರ ಕುಯ್ಯೋ ಅಂತ ಕೂಗಿಕೊಳ್ಳುತ್ತದೆ. ಡಾಕ್ಟರು ಮೊದಲ ಸಲ ಬಂದದ್ದು ಎಡಗಿವಿ ತೋರಿಸಲಿಕ್ಕೆ. ಹಿಟ್ಟು ತುಂಬಿ, ಗಟ್ಟಿಯಾಗೋ ತನಕ ಮಾತಾಡಬೇಡಿ, ದವಡೆ ಅಲ್ಲಾಡಿದ್ರೆ ಅಚ್ಚು ಕೆಡುತ್ತೆ ಅಂತ ಅವಳು ಎಚ್ಚರಿಸಿದಳು. ಅಷ್ಟು ವರ್ಷ ಬೇರೆಯವರ ಬಾಯಿ ತೆಗೆಸಿ ಸುಮ್ಮನಿರಿಸಿದ ಮನುಷ್ಯ ತಾನೇ ಬಾಯಿ ಮುಚ್ಚಿಕೊಂಡು ಕೂತು, ನಗು ತಡೆಯಲಾರದೆ ಭುಜ ಕುಣಿಸಿ, ಅಚ್ಚನ್ನು ಕೆಡಿಸಿಯೇ ಬಿಟ್ಟ. ಇನ್ನೊಂದು ತೆಗೆಯಬೇಕಾಯಿತು. ಅದೂ ಕೆಟ್ಟಿತು. ಕಿವಿಯವಳಿಗೂ ಹಲ್ಲಿನವನಿಗೂ ಗಂಟು ಬಿತ್ತಲ್ಲೇ, ಇನ್ನು ಮೂಗಿನವರನ್ನು ಕರೆದು ಊಟ ಹಾಕಿಸು ಅಂತ ಜೊತೆಗೆ ಕೆಲಸ ಮಾಡುವ ಗೆಳತಿ ನಗಾಡಿದ್ದಳು. ಅವಳಿಗೆ ಆಗ ಐವತ್ತೊಂದು. ಇಂಥ ತಮಾಷೆ ತನ್ನ ಪಾಲಿಗೂ ಇರುತ್ತದೆ ಅಂತ ಅವಳು ಅಂದುಕೊಂಡಿರಲಿಲ್ಲ, ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ಒಂದಷ್ಟು ಹೊತ್ತು ನಿಂತು ಬಂದಳು.

ಹಾಳೆ ಇನ್ನೂ ಬೆಚ್ಚಗಿತ್ತು. ಮೊದಲು ಅಡ್ಡಕ್ಕೆ ಮಡಚಿ, ಆಮೇಲೆ ಉದ್ದಕ್ಕೆ ಮಡಚಿ, ಗೆರೆಗಳ ಪಟ್ಟಿಯ ಮೇಲೆ ಮಡಿಕೆ ಬೀಳದಂತೆ ನೋಡಿಕೊಳ್ಳಿ ಅಂತ ಅಂಚಿನಲ್ಲಿ ಬರೆದಿತ್ತು. ಯಾಕೆ ಮಡಚುತ್ತಿದ್ದೇನೆ ಅಂತ ತನ್ನನ್ನೇ ಕೇಳಿಕೊಳ್ಳದೆ ಅವಳು ಮಡಚಿದಳು. ಉಗುರಿನಿಂದ ಮಡಿಕೆಯನ್ನು ತೀಡಿದಳು. ಆ ಹೆಸರು ಅವಳಿಗೆ ಹೊಸದೇನಲ್ಲ, ಕಪಾಟಿನ ಪುಸ್ತಕಗಳ ಮೊದಲ ಪುಟದಲ್ಲಿ ಅದನ್ನು ನೋಡಿದ್ದಾಳೆ, ನೋಡಿ ಮುಚ್ಚಿಟ್ಟಿದ್ದಾಳೆ. ಡಾಕ್ಟರ ಬಾಯಿಂದ ಮಾತ್ರ ಒಂದು ಸಲವೂ ಕೇಳಿಲ್ಲ. ಆಗೆಲ್ಲ ಹೀಗಿತ್ತು, ಮುಂಚೆ ಈ ಕಿಟಕಿ ತೆಗೀತಾ ಇದ್ವಿ ಅಂತ ಅವರು ಹೇಳುವಾಗ ಆ ಇದ್ವಿಯೊಳಗೆ ಒಬ್ಬಾಕೆ ಬಂದು ಕೂತು ಎದ್ದು ಹೋಗುತ್ತಾಳೆ. ಆಕೆಯ ದನಿ ಹೇಗಿತ್ತು ಅಂತ ಕೇಳಬೇಕು ಅನ್ನಿಸಿ ಎಷ್ಟೋ ಸಲ ನಾಲಿಗೆಯ ತುದಿಗೆ ಬಂದಿತ್ತು. ಕಿವಿಯ ಕೆಲಸದವರಿಗೆ ಮುಖಕ್ಕಿಂತ ದನಿಯ ಯೋಚನೆಯೇ ಹೆಚ್ಚು. ಗೋಡೆಯ ಮೇಲಿನ ಫೋಟೋದಲ್ಲಿ ಆಕೆ ಯಾರೋ ಏನೋ ಹೇಳಿದ್ದಕ್ಕೆ ತಿರುಗಿ ನೋಡುತ್ತಿರುವಂತಿದೆ, ತುಟಿ ಸ್ವಲ್ಪ ತೆರೆದಿದೆ. ಒರಟು ದನಿ ಇರಬಹುದು, ಮೂಗಿನಲ್ಲಿ ಮಾತಾಡುವವಳಿರಬಹುದು. ಇಲ್ಲ, ಇಂಪಾಗಿಯೇ ಇದ್ದಿರುತ್ತದೆ, ಸತ್ತವರದೆಲ್ಲ ಇಂಪೇ.

ಮಲಗುವ ಕೋಣೆಯಲ್ಲಿ ಅವಳ ಪೆಟ್ಟಿಗೆ ತೆರೆದುಕೊಂಡು ಬಿದ್ದಿತ್ತು. ಕಿಟಕಿಯಾಚೆ ಎದುರು ಮನೆಯ ಮಹಡಿಯಲ್ಲಿ ಒಬ್ಬ ಹೆಂಗಸು ಚಾದರ ಕೊಡವುತ್ತಿದ್ದಳು, ಚಾದರ ಗಾಳಿ ತುಂಬಿಕೊಂಡು ಉಬ್ಬಿ, ಹಾಗೇ ಒಂದು ಕ್ಷಣ ನಿಂತು, ಇಳಿಯಿತು. ಅವಳಿಗೆ ನಿದ್ದೆ ಬಂದ ಹಾಗಾಯಿತು, ನಿದ್ದೆಯಲ್ಲ, ಕಣ್ಣು ತೆರೆದಿದ್ದರೂ ಮನೆ ಸ್ವಲ್ಪ ದೂರ ಹೋದ ಹಾಗೆ. ಈ ಚೀಟಿಯನ್ನೇ ಕಟ್ಟಿಬಿಟ್ಟರೆ? ಪೆಟ್ಟಿಗೆಗೇನು ಗೊತ್ತಾಗುತ್ತದೆ, ಅದು ರಬ್ಬರಿನ ಪಟ್ಟಿಯ ಮೇಲೆ ಕೂತು ಪರದೆ ಸರಿಸಿಕೊಂಡು ಒಳಗೆ ಹೋಗುತ್ತದೆ, ಮೋಡದ ಮೇಲೆ ಹೋಗುತ್ತದೆ, ಇನ್ನೊಂದು ಊರಿನಲ್ಲಿ ಇನ್ನೊಂದು ಪಟ್ಟಿಯ ಮೇಲೆ ಸುತ್ತಲಿಕ್ಕೆ ಶುರುಮಾಡುತ್ತದೆ. ಜನ ತಮ್ಮ ತಮ್ಮ ಗಂಟು ಎತ್ತಿಕೊಂಡು ಖಾಲಿಯಾಗುತ್ತಾರೆ. ಕೊನೆಗೆ ಆಕೆ ಬರುತ್ತಾಳೆ, ಆತುರವಿಲ್ಲದೆ, ಚಪ್ಪಲಿಯ ಸದ್ದು ಕೂಡ ಇಲ್ಲದೆ. ಚೀಟಿಯ ಮೇಲೆ ತನ್ನ ಹೆಸರು ನೋಡುತ್ತಾಳೆ. ಬಗ್ಗಿ ಪೆಟ್ಟಿಗೆ ತೆರೆದು ಇವಳ ಕುಪ್ಪಸಗಳನ್ನೂ, ಮಂಡಿಗೆ ಕಟ್ಟುವ ಪಟ್ಟಿಯನ್ನೂ, ಹೊಸದಾಗಿ ಕೊಂಡ ತಿಳಿ ಹಸಿರು ಸೀರೆಯನ್ನೂ ಒಂದೊಂದಾಗಿ ಎತ್ತಿ ನೋಡಿ, ಇದ್ಯಾವುದೂ ನನ್ನ ಅಳತೆಯಲ್ಲ ಅಂತ ಹಾಗೇ ಮುಚ್ಚಿಡುತ್ತಾಳೆ. ಆಕೆಗೆ ಕೋಪವೇನೂ ಇಲ್ಲ. ಕೋಪ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಅವಳಿಗೆ ಅನ್ನಿಸಿತು, ಸವತಿ ಮತ್ಸರಕ್ಕೆ ಇಬ್ಬರು ಬೇಕು, ಒಬ್ಬಳೇ ಎಷ್ಟು ಅಂತ ಉರಿಯುವುದು.

ಹೋಗುತ್ತಿರುವುದು ಡಾಕ್ಟರ ಅಕ್ಕನ ಮನೆಗೆ. ಮದುವೆಗೆ ಆ ಅಕ್ಕ ಬಂದಿರಲಿಲ್ಲ, ಕಾಲುನೋವು ಅಂತ ಹೇಳಿ ಕಳಿಸಿದ್ದರು. ಕಾಲುನೋವು ಮನಸ್ಸಿನದು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಿ ಆಡಲಿಲ್ಲ. ತಮ್ಮನ ಮೊದಲ ಹೆಂಡತಿಯೆಂದರೆ ಅವರಿಗೆ ಸ್ವಂತ ತಂಗಿಗಿಂತ ಹೆಚ್ಚಂತೆ. ಈಗ ಅವರೇ ಫೋನು ಮಾಡಿ, "ಕರ್ಕೊಂಡು ಬಾರೋ, ನೋಡೋಣ," ಅಂದಿದ್ದಾರೆ. ನೋಡೋಣ ಅನ್ನುವ ಆ ಒಂದು ಮಾತನ್ನು ಅವಳು ಹದಿನೈದು ದಿನದಿಂದ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದಾಳೆ, ಒಂದು ದಿನ ಸಿಹಿಯಾಗಿರುತ್ತದೆ, ಮಾರನೇ ದಿನ ಹುಳಿ. ಹಸಿರು ಸೀರೆ ತಂದದ್ದು ಅದಕ್ಕೇ. ಕೂದಲಿಗೆ ಬಣ್ಣ ಹಾಕಬೇಕೋ ಬಿಡಬೇಕೋ ಅಂತ ಮೂರು ಸಲ ಮನಸ್ಸು ಬದಲಾಯಿಸಿದ್ದು ಅದಕ್ಕೇ. ಎರಡನೇ ಸಂಬಂಧದವಳು ಅಂತ ಜನ ಅನ್ನುವುದು ಅವಳಿಗೆ ಚುಚ್ಚುವುದಿಲ್ಲ, ಅವಳಿಗೆ ಅದು ಮೊದಲನೆಯದೇ ತಾನೆ, ಅಂದವರಿಗೆ ಲೆಕ್ಕ ಬರುವುದಿಲ್ಲ ಅಷ್ಟೇ. ಆದರೆ ಆ ಅಕ್ಕನ ಬಾಗಿಲಿಗೆ ತಾನು ತಾನಾಗಿ ಹೋಗಿ ನಿಲ್ಲಬೇಕು. ತಪ್ಪಿ ಬಂದ ಪಾರ್ಸೆಲ್ಲಿನ ಹಾಗಲ್ಲ. ಚೀಟಿಯಲ್ಲಿ ಆ ಹೆಸರಿದ್ದರೆ ಟಿಕೆಟ್ಟಿನಲ್ಲೂ ಅದೇ ಇರುತ್ತದೆ, ಆ ಟಿಕೆಟ್ಟಿನಲ್ಲಿ ಅವಳನ್ನು ವಿಮಾನ ಹತ್ತಲಿಕ್ಕೇ ಬಿಡುವುದಿಲ್ಲ. ಡಾಕ್ಟರಿಗೆ ಹೇಳಬೇಕು. ಹೇಳಿದರೆ ಆ ಮುಖ ಸಣ್ಣದಾಗುವುದನ್ನು ನೋಡಬೇಕು. ಹೇಳದಿದ್ದರೆ ನಾಳೆ ಸಾಲಿನಲ್ಲಿರುವವರೆಲ್ಲ ನೋಡುತ್ತಿರುವಾಗ ಕೌಂಟರಿನವರು ಹೇಳುತ್ತಾರೆ. ಬಿಸಿತುಪ್ಪ ಅಂದರೆ ಇದೇ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಇನ್ನೊಂದು ವಿಷಯವೂ ಇತ್ತು, ಅದನ್ನು ಅವಳು ಯೋಚನೆಯ ಅಂಚಿನಲ್ಲೇ ನಿಲ್ಲಿಸಿಟ್ಟಿದ್ದಳು. ಫೋನಿನಲ್ಲಿ ಟಿಕೆಟ್ ತೆಗೆಯುವಾಗ ಡಾಕ್ಟರು ಹುರುಪಿನಲ್ಲಿದ್ದರು. ಸೋಫಾದಲ್ಲಿ ಕಾಲು ಮೇಲೆ ಹಾಕಿಕೊಂಡು, ಕಿಟಕಿ ಪಕ್ಕದ ಸೀಟೇ ಸಿಕ್ಕಿತು ಕಣ್ರೀ ಅಂತ ಒಳಗೆ ಕೂಗಿ ಹೇಳಿದ್ದರು. ಅವಳಿಗೆ ಕಿಟಕಿ ಪಕ್ಕ ಬೇಕು ಅಂತ ಅವಳು ಯಾವತ್ತೂ ಹೇಳಿರಲಿಲ್ಲ. ಎತ್ತರ ನೋಡಿದರೆ ಅವಳಿಗೆ ತಲೆ ಸುತ್ತುತ್ತದೆ. ಹಾಗಾದರೆ ಆ ಕಿಟಕಿ ಯಾರಿಗೆ ಅಂತ ಆಗ ಕೇಳಬಹುದಾಗಿತ್ತು, ಕೇಳದೆ, ಒಳ್ಳೇದಾಯ್ತು ಅಂದಿದ್ದಳು. ಸುಳ್ಳು ಹೇಳಿದ್ದಕ್ಕಲ್ಲ, ಆ ಸುಳ್ಳು ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದಕ್ಕೆ ಅವಳಿಗೆ ಈಗ ನಾಚಿಕೆಯಾಯಿತು.

ಡಾಕ್ಟರು ಬಂದಾಗ ಸಂಜೆಯ ಬಿಸಿಲು ಊಟದ ಮೇಜಿನ ಅರ್ಧಕ್ಕೆ ಬಂದಿತ್ತು. ಮೈಯಿಂದ ಲವಂಗದೆಣ್ಣೆಯ ವಾಸನೆ. ಬರುತ್ತಲೇ, "ಇವರೇ, ಆಯ್ತಾ ಚೀಟಿ?" ಅಂದರು. ಅವಳು ಎರಡನ್ನೂ ಮೇಜಿನ ಮೇಲೆ ಬಿಸಿಲಿನಲ್ಲಿಟ್ಟಳು, ಮಾತು ಹುಡುಕುವ ಕಷ್ಟ ತಪ್ಪಲಿ ಅಂತ. ನೋಡಲಿ, ನೋಡಿ ತಾವೇ ಅಯ್ಯೋ ಅನ್ನಲಿ. ಡಾಕ್ಟರು ಕನ್ನಡಕ ಹಾಕಿಕೊಂಡರು. ಮೊದಲನೆಯದನ್ನು ಬಿಡಿಸಿ ಓದಿದರು. ಎರಡನೆಯದನ್ನು ಬಿಡಿಸಿದರು, ಅದರ ಮೇಲೆ ಬೆರಳಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದಿದರು, ತುಟಿ ಕೂಡ ಅಲ್ಲಾಡಿತು.

"ಸರಿಯಾಗಿದೆ," ಅಂದರು. "ಚೆನ್ನಾಗಿ ಮಡಚಿದೀರಿ. ನಾನಾಗಿದ್ರೆ ಸೊಟ್ಟ ಮಾಡಿರ್ತಿದ್ದೆ."

ಅವಳಿಗೆ ಕಾಲಿನ ಕೆಳಗಿನ ನೆಲ ಎಲ್ಲೂ ಹೋಗಲಿಲ್ಲ. ಇಲ್ಲೇ ಇತ್ತು, ತಣ್ಣಗೆ. ಡಾಕ್ಟರು ಎದ್ದು ನೀರು ಕುಡಿಯಲಿಕ್ಕೆ ಹೋದರು, ಲೋಟ ತೊಳೆದ ಸದ್ದಾಯಿತು. ಕಣ್ತಪ್ಪು ಅಂತ ಇಷ್ಟು ಹೊತ್ತು ಅವಳು ಮನಸ್ಸಿನಲ್ಲಿ ಅವರ ಪರ ವಕಾಲತ್ತು ಮಾಡಿದ್ದಳು, ವಯಸ್ಸು, ಕೆಲಸದ ಒತ್ತಡ, ಫೋನಿನ ಸಣ್ಣ ಅಕ್ಷರ. ಈಗ ಕಕ್ಷಿದಾರನೇ ಬಂದು ಅಪರಾಧ ಸರಿಯಾಗಿದೆ ಅಂತ ಹೇಳಿ ನೀರು ಕುಡಿಯುತ್ತಿದ್ದಾನೆ. ಎದ್ದು ಕೆಲಸದ ಜಾಗಕ್ಕೆ ಹೋಗಿಬಿಡೋಣ ಅನ್ನಿಸಿತು, ಅಲ್ಲಿ ಡ್ರಾಯರುಗಳ ತುಂಬ ಕಿವಿಗಳಿವೆ, ಪ್ರತಿಯೊಂದಕ್ಕೂ ಸರಿಯಾದ ಹೆಸರಿದೆ.

"ಇನ್ನೊಂದು ಸಲ ಓದಿ," ಅಂದಳು. "ಬಾಯಿಬಿಟ್ಟು ಓದಿ."

ಅವರು ಲೋಟ ಹಿಡಿದುಕೊಂಡೇ ಬಂದರು, ತಮಾಷೆ ಅಂದುಕೊಂಡಿರಬೇಕು, ನಗುತ್ತಲೇ ಚೀಟಿ ಎತ್ತಿಕೊಂಡು ಓದಿದರು. ಆ ಹೆಸರು ಆ ಮನೆಯಲ್ಲಿ ಅವಳ ಎದುರಿಗೆ ಮೊದಲ ಸಲ ದನಿಯಾಯಿತು. ಹೆಸರಿನ ಕೊನೆಯ ಅಕ್ಷರವನ್ನು ಅವರು ಸ್ವಲ್ಪ ಎಳೆದರು, ಕೋಣೆಯಿಂದ ಕೋಣೆಗೆ ಕರೆಯುವವರ ಹಾಗೆ. ಎಳೆದ ಮೇಲೆ ತಮ್ಮ ದನಿ ತಮಗೇ ಕೇಳಿಸಿತು. ಲೋಟ ಕೆಳಗಿಟ್ಟರು. ಕುರ್ಚಿ ಎಲ್ಲಿದೆ ಅಂತ ಕೈಯಿಂದ ತಡವಿ ಕೂತರು.

"ಟಿಕೆಟ್ ತೆಗೆಯೋವಾಗ ಪಟ್ಟಿಯಲ್ಲಿ ಹೆಂಡತಿ ಅಂತ ಇದ್ದಿದ್ದನ್ನ ಒತ್ತಿದೆ," ಅಂದರು. "ಅದರಲ್ಲಿ ಹೆಸರು ಇರಲ್ಲ. ನಾನು ಅಂತ ಒಂದು ಇರುತ್ತೆ, ಹೆಂಡತಿ ಅಂತ ಒಂದು ಇರುತ್ತೆ. ಯಾವತ್ತೋ ಹಾಕಿಟ್ಟಿದ್ದು. ನಿಮ್ಮನ್ನೇ ಅಂದ್ಕೊಂಡು ಒತ್ತಿದೆ. ದೇವರಾಣೆಗೂ ನಿಮ್ಮನ್ನೇ."

"ಅದು ಅವತ್ತಿನ ಮಾತು. ಈಗ ಓದಿದ್ರಲ್ಲ, ಬೆರಳಿಟ್ಕೊಂಡು. ಸರಿಯಾಗಿದೆ ಅಂದ್ರಿ."

ಡಾಕ್ಟರು ಕನ್ನಡಕ ತೆಗೆದರು. ಸುಳ್ಳು ಹೇಳಲಿಕ್ಕೆ ಬಾರದ ಮನುಷ್ಯ, ರೋಗಿಗಳಿಗೆ ಕೂಡ ನೋಯುತ್ತೆ ಅಂತ ಮೊದಲೇ ಹೇಳಿಬಿಡುತ್ತಾರೆ. "ಮೂವತ್ತು ವರ್ಷ ನೋಡಿದ ಹೆಸರು," ಅಂದರು. "ತಪ್ಪು ಅಂತ ಕಣ್ಣಿಗೆ ಹೇಗೆ ಅನ್ನಿಸ್ಬೇಕು, ನೀವೇ ಹೇಳಿ."

ಅದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ಅವಳಿಗೆ ಸಿಟ್ಟು ತರಿಸಿತು. ಅರ್ಥ ಮಾಡಿಕೊಳ್ಳುವವಳು ಅಂತ ಒಳ್ಳೆಯ ಹೆಸರು ತೆಗೆದುಕೊಂಡು ತೆಗೆದುಕೊಂಡು ಅವಳಿಗೆ ಸಾಕಾಗಿತ್ತು. ಅಪ್ಪನನ್ನು ಅರ್ಥ ಮಾಡಿಕೊಂಡು ಅವರ ಹಾಸಿಗೆಯ ಪಕ್ಕ ಪ್ರಾಯ ಕಳೆಯಿತು, ಕೇಳಿಸದವರನ್ನು ಅರ್ಥ ಮಾಡಿಕೊಂಡು ಗಂಟಲು ಕಟ್ಟಿತು. "ನನಗೆ ಹೊಟ್ಟೆಕಿಚ್ಚು," ಅಂದಳು. ಹೇಳಿದ್ದು ತಾನೇ ಅಂತ ನಂಬಲಾರದೆ ಇನ್ನೊಮ್ಮೆ ಹೇಳಿದಳು, ಅವರ ಬಲಗಿವಿಯ ಕಡೆಗೆ ತಿರುಗಿ, ಸ್ಪಷ್ಟವಾಗಿ. "ಸತ್ತೋರ ಮೇಲೆ ಹೊಟ್ಟೆಕಿಚ್ಚು ಪಡ್ತಿದೀನಿ. ನಗಬೇಕಾದ್ರೆ ನಗಿ."

ಡಾಕ್ಟರು ನಗಲಿಲ್ಲ. "ಅವಳಿಗೂ ಆಗಿರೋದು," ಅಂದರು. "ನಿಮ್ಮನ್ನ ನೋಡಿದ್ರೆ. ಕೋಪಿಷ್ಟೆ ಅವಳು, ನಿಮಗೆ ಗೊತ್ತಿಲ್ಲ. ನನ್ನ ಅಂಗಿ ಬೇರೆ ಯಾರಾದ್ರೂ ಹೊಗಳಿದ್ರೆ ಅದನ್ನ ಮತ್ತೆ ಇಸ್ತ್ರಿ ಮಾಡ್ತಿರಲಿಲ್ಲ."

ಕೋಪಿಷ್ಟೆ. ಅವಳು ಆ ಪದವನ್ನು ಅಲ್ಲೇ ಬಿಸಿಲಿನಲ್ಲಿ ಹಿಡಿದು ನೋಡಿದಳು. ಗೋಡೆಯ ಫೋಟೋದ ಹೆಂಗಸು ಮೆಲ್ಲಗೆ ಈ ಕಡೆ ತಿರುಗಿದ ಹಾಗಾಯಿತು. ಇಷ್ಟು ದಿನ ಪರಿಮಳದ ಹಾಗೆ ಮನೆಯಲ್ಲಿ ಸುಳಿದಾಡುತ್ತಿದ್ದವಳಿಗೆ ಈಗ ಮೊಣಕೈ ಇತ್ತು, ಇಸ್ತ್ರಿ ಮಾಡದ ಅಂಗಿ ಇತ್ತು. ಹೊರಗೆ ಯಾರೋ ಸೈಕಲ್ಲಿಗೆ ಉಸ್ ಉಸ್ ಅಂತ ಗಾಳಿ ಹೊಡೆಯುತ್ತಿದ್ದರು. ಆಮೇಲೆ ಡಾಕ್ಟರೇ ಫೋನು ತೆಗೆದು ವಿಮಾನದವರ ಸಹಾಯವಾಣಿಗೆ ಹಚ್ಚಿದರು. ಎಡಗಿವಿ ನಂಬುವ ಹಾಗಿಲ್ಲ ಅಂತ ಸ್ಪೀಕರಿನಲ್ಲಿಟ್ಟು ಮೇಜಿನ ಮೇಲೆ, ಎರಡು ಚೀಟಿಗಳ ನಡುವೆ ಮಲಗಿಸಿದರು. ವಾದ್ಯಸಂಗೀತ ಬಂತು, ನಿಂತಿತು, ಮತ್ತೆ ಮೊದಲಿನಿಂದ ಬಂತು. ಅದನ್ನು ಕೇಳುತ್ತ ಅವಳಿಗೆ ಎಲ್ಲವೂ ನೀರಿನೊಳಗೆ ನಡೆಯುತ್ತಿದೆ ಅನ್ನಿಸಿತು, ಮೇಜು, ಬಿಸಿಲು, ಡಾಕ್ಟರ ನರೆತ ಹುಬ್ಬು.

ಕೊನೆಗೆ ಒಂದು ಹುಡುಗಿಯ ದನಿ ಬಂತು. ಡಾಕ್ಟರು ತಪ್ಪಿ ಬೇರೆ ಹೆಸರು ಹಾಕಿದ್ದೇನೆ ಅಂತ ಹೇಳಿದರು.

"ಹೆಸರು ಬದಲಾಯಿಸೋಕೆ ಆಗಲ್ಲ ಸರ್," ಅಂದಳು ಹುಡುಗಿ. "ಬದಲು ಬರೋರು ಮನೆಯವರಾದ್ರೆ ಮಾತ್ರ ಒಂದು ದಾರಿ ಇದೆ. ಆ ಪ್ರಯಾಣಿಕರು ತಮ್ಮ ಸೀಟು ಬಿಟ್ಟುಕೊಡ್ತೀನಿ ಅಂತ ಅವರೇ ಹೇಳ್ಬೇಕು. ಅವರಿದಾರಾ? ಫೋನು ಕೊಡ್ತೀರಾ?"

ಡಾಕ್ಟರು ಬಾಯಿ ತೆರೆದರು. "ಅವಳು," ಅಂದರು. "ಅವಳು ಈಗ..." ಅಂದರು. ಎದುರಿಗಿದ್ದವಳ ಕಡೆ ನೋಡಿದರು. ಸತ್ತಿದ್ದಾಳೆ ಅನ್ನುವುದು ನಾಲ್ಕೇ ಅಕ್ಷರದ ಮಾತು, ಸ್ಮಶಾನದಲ್ಲಿ, ಕಚೇರಿಗಳಲ್ಲಿ, ಮದುವೆಯ ದಿನ ರಿಜಿಸ್ಟ್ರಾರನ ಮುಂದೆ ಅದನ್ನು ಅವರು ಹೇಳಿರಲೇಬೇಕು. ಈಗ ಒಂದು ಸೀಟಿಗೋಸ್ಕರ ಹೇಳಬೇಕಾಗಿ ಬಂದಾಗ ಬಾಯಿಗೆ ಬರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ ಕುರ್ಚಿಯ ಕೈಗಳನ್ನು ಹಿಡಿದುಕೊಂಡಿದ್ದರು.

"ಹಲೋ? ಸರ್? ಮೇಡಂ ಇದಾರಾ ಅಲ್ಲಿ?"

ಅವಳಿಗೆ ಅವರ ಮೇಲಿನ ಸಿಟ್ಟು ಇನ್ನೂ ಹೋಗಿರಲಿಲ್ಲ. ಹೋಗಿರದ ಸಿಟ್ಟಿನ ಜೊತೆಗೇ ಕೈ ಚಾಚಿ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ಇದೀನಿ," ಅಂದಳು. "ಹೇಳಿ."

ದನಿ ಅವಳದೇ, ಆದರೆ ಸ್ವಲ್ಪ ಕೆಳಗಿನಿಂದ ಬಂದಿತ್ತು, ಸ್ವಲ್ಪ ಬಿರುಸಾಗಿತ್ತು. ಡಾಕ್ಟರು ತಲೆ ಎತ್ತಿದರು.

ಹುಡುಗಿ ಟಿಕೆಟ್ಟಿನಲ್ಲಿದ್ದ ಆಕೆಯ ಪೂರ್ತಿ ಹೆಸರು ಓದಿ, "ನೀವೇ ಅಲ್ವಾ ಮೇಡಂ?" ಅಂತ ಕೇಳಿದಳು.

"ನಾನೇ."

"ನಿಮ್ಮ ಸೀಟು ಬಿಟ್ಟುಕೊಡೋದು ನಿಮ್ಮ ಇಷ್ಟದಿಂದ ತಾನೆ? ಯಾರೂ ಬಲವಂತ ಮಾಡಿಲ್ಲ ಅಲ್ವಾ? ಕ್ಷಮಿಸಿ ಮೇಡಂ, ನಾವು ಕೇಳಲೇಬೇಕು."

ಅವಳು ಗೋಡೆಯ ಫೋಟೋದ ಕಡೆ ನೋಡಿದಳು. ಹುಡುಗಿ ಕೇಳಿದ್ದು ತನ್ನನ್ನಲ್ಲ, ಆಕೆಯನ್ನು, ಹಾಗಾಗಿ ಕಾಯುವುದು ನ್ಯಾಯ ಅನ್ನಿಸಿತು. ಮೇಜಿನ ಬಿಸಿಲು ಅಂಚಿಗೆ ಸರಿದಿತ್ತು. ಡಾಕ್ಟರ ಕಣ್ಣಿನಿಂದ ನೀರು ಇಳಿದು ಮೀಸೆಯ ಹತ್ತಿರ ನಿಂತಿತ್ತು, ಒರೆಸಿಕೊಳ್ಳುವುದು ಅವರಿಗೆ ಹೊಳೆದಿರಲಿಲ್ಲ.

"ಇಷ್ಟ ಏನಿಲ್ಲ," ಅಂದಳು. "ಆದ್ರೂ ಬಿಟ್ಕೊಡ್ತೀನಿ. ನನಗೆ ಬರೋಕೆ ಆಗಲ್ಲ."

ಆ ಕಡೆಯಿಂದ ಕೀಲಿಮಣೆಯ ಟಕಟಕ ಕೇಳಿಸಿತು. "ಸರಿ ಮೇಡಂ. ನಿಮ್ಮ ಬದಲು ಬರೋರ ಹೆಸರು ಹೇಳಿ."

ಅವಳು ತನ್ನ ಹೆಸರು ಹೇಳಿದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ದೀರ್ಘ ಎಲ್ಲಿ, ಒತ್ತು ಎಲ್ಲಿ ಅಂತ. ಇನ್ನೊಬ್ಬರ ಹೆಸರನ್ನು ಜೋಪಾನವಾಗಿ ಬರೆಸುವಾಗ ಆಗುವ ಹಾಗೆ, ಅದು ಪರವಾಗಿಲ್ಲ, ಚೆನ್ನಾಗಿಯೇ ಇದೆ ಅನ್ನಿಸಿತು.

"ಅವರು ನಿಮಗೇನಾಗಬೇಕು ಮೇಡಂ?"

"ತಂಗಿ," ಅಂದಳು.

"ಆಯ್ತು ಮೇಡಂ, ಹೆಸರು ಬದಲಾಯ್ತು. ಹೊಸ ಚೀಟಿ ಮನೆಯಲ್ಲೇ ತೆಗೆದುಕೊಳ್ಳಬಹುದು. ನಿಮ್ಮ ತಂಗಿಗೆ ಪ್ರಯಾಣ ಸುಖವಾಗಿರಲಿ ಅಂತ ಹೇಳಿ."

"ಹೇಳ್ತೀನಿ," ಅಂದಳು.